ಹಾಜಿ ಸಾಬರ ಮೇನ್ ಸ್ವಿಚ್ಚು

ನಾನು ಕಟ್ಟಿದ ಕಂಪ್ಯೂಟರ್ ಕ್ಲಸ್ಟರುಗಳಲ್ಲಿ ದಿನಾ ಸಂಜೆ ಮಲಗಿ ದಿನಾ ಬೆಳಿಗ್ಗೆ ಏಳಲೆಂದೇ ಕಟ್ಟಿದ್ದು ಒಂದೇ ಒಂದು. ಶಿವಾಜಿನಗರದಲ್ಲಿ, ರಸೆಲ್ ಮಾರುಕಟ್ಟೆಯ ಹಿಂದಿನ ಓಣಿಯ ಒಂದು ಔಷಧಿ ಸಗಟು ಅಂಗಡಿಯಲ್ಲಿ ಅದು ವರ್ಷಗಟ್ಟಲೆ ಹಾಗೇ ನಡೆಯಿತು. ನಮ್ಮ ಕಸುಬಿನವರಿಗೆ ಹೇಳಿದರೆ ನಗುತ್ತಾರೆ. ನಿಲ್ಲಲೇಬಾರದು ಎಂದು ತರುವ ಮಷಿನ್ನನ್ನು ದಿನಾ ನಿಲ್ಲಿಸುವುದುಂಟೇ ಎನ್ನುತ್ತಾರೆ. ನಗಲಿ ಬಿಡಿ. ನನ್ನ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹೆಮ್ಮೆ ಇರುವುದು ಅದರ ಬಗ್ಗೆಯೇ.

ನಾನು ಮರ್ಫಿ ಟೌನಿನವಳು. ಗೋಡೆಯ ಆಚೆ ತಮಿಳು, ಈಚೆ ದಖನಿ ಉರ್ದು, ಮನೆಯೊಳಗೆ ಕನ್ನಡ. ಮೂರರಲ್ಲೂ ಜಗಳವಾಡಲು ಬರುವವರಿಗೇ ನಮ್ಮ ಬೀದಿಯ ನಲ್ಲಿಯಲ್ಲಿ ನೀರು. ಕೋಪ ಬೇರೆ ಮೂಗಿನ ತುದಿಯಲ್ಲೇ. ಈ ಎರಡು ಆಸ್ತಿ ಹಿಡಿದುಕೊಂಡು, ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ಕಾಲಕ್ಕೆ, ಇಂದಿರಾನಗರದ ಒಂದು ಸಣ್ಣ ಕಂಪ್ಯೂಟರ್ ಕಂಪನಿಗೆ ಸೇರಿದೆ. ಯಾರದೋ ಮನೆಯ ಮಹಡಿಯೇ ಆಫೀಸು. ಸೇರಿಸಿಕೊಂಡದ್ದು ಸರ್ವರ್ ನೋಡಿಕೊಳ್ಳುವ ಲಿನಕ್ಸ್ ಕೆಲಸಕ್ಕೆ, ಕೂರಿಸಿದ್ದು ಫೋನಿನ ಮುಂದೆ. ಗಿರಾಕಿಗಳ ಬೈಗುಳ ಕೇಳುವುದು, ಸಮಾಧಾನ ಹೇಳುವುದು, ಹುಡುಗರನ್ನು ಕಳಿಸುವುದು. ಅವರು ಹೋಗಿ ಸರ್ವರ್ ಮುಟ್ಟಿ ಬರುತ್ತಿದ್ದರು. ನಾನು ಫೋನ್ ಮುಟ್ಟುತ್ತಿದ್ದೆ. ಅವರಲ್ಲಿ ಅರ್ಧ ಜನಕ್ಕೆ ನನಗೆ ಬರುವಷ್ಟು ಲಿನಕ್ಸ್ ಬರುತ್ತಿರಲಿಲ್ಲ. ಇದು ಜಂಬದ ಮಾತಾದರೆ ಆಗಲಿ, ನಿಜ.

ಶಿವಾಜಿನಗರದ ಕೆಲಸ ಬಂದಾಗ ಯಾರೂ ಮುಂದೆ ಬರಲಿಲ್ಲ. ಅಂಗಡಿಯ ಯಜಮಾನರು ಹಾಜಿ ಸಾಬರು, ಎಪ್ಪತ್ತರ ಹತ್ತಿರದ ವಯಸ್ಸು, ಗದರಿಸಿದರೆ ಓಣಿಯ ಕೊನೆಯವರೆಗೆ ಕೇಳಿಸುವ ಗಂಟಲು. ಹಳೆಯ ಕಂಪ್ಯೂಟರ್ ಕೆಟ್ಟಾಗ ಹೋಗಿದ್ದ ಹುಡುಗರೆಲ್ಲ ಮುಖ ಸಣ್ಣಗೆ ಮಾಡಿಕೊಂಡೇ ವಾಪಸಾಗಿದ್ದರು. ನಾನು ಹೋಗಿ ಕೇಳಿದೆ. ಬಾಸ್ ಪೆನ್ನಿನಿಂದ ಮೇಜು ಕುಟ್ಟುತ್ತಾ ಯೋಚಿಸಿದರು.

"ಆಯ್ತು, ತಗೋ. ಪೂರ್ತಿ ನಿಂದೇ. ಆದ್ರೆ ಅವರು ವಾಪಸ್ ಕಳಿಸಿದ್ರೆ ಮತ್ತೆ ಫೋನ್ ಹತ್ರಾನೇ ನೀನು. ಆಮೇಲೆ ನನ್ನ ಕೇಳ್ಬಾರ್ದು."

"ಕೇಳಲ್ಲ ಸಾರ್" ಎಂದೆ.

ಆ ಅಂಗಡಿಯಿಂದ ಕಂಟೋನ್ಮೆಂಟಿನ ಸುತ್ತಮುತ್ತಲಿನ ನರ್ಸಿಂಗ್ ಹೋಮುಗಳಿಗೆಲ್ಲ ಔಷಧಿ ಹೋಗುತ್ತಿತ್ತು. ಬೆಳಿಗ್ಗೆ ಷಟರ್ ಎತ್ತುವ ಮೊದಲೇ ವಾರ್ಡಿನವರು ಚೀಟಿ ಹಿಡಿದು ಮೆಟ್ಟಿಲ ಮೇಲೆ ನಿಂತಿರುತ್ತಿದ್ದರು. ಬಿಲ್ಲಾಗದೆ ಗೋದಾಮಿನಿಂದ ಒಂದು ಡ್ರಿಪ್ ಬಾಟಲಿಯೂ ಹೊರಬೀಳದು, ಅದು ಅಲ್ಲಿಯ ಕಟ್ಟಳೆ. ಕಂಪ್ಯೂಟರ್ ಕೈಕೊಟ್ಟರೆ ಎಲ್ಲ ನಿಂತಂತೆ. ಅದಕ್ಕೇ ಹಾಜಿ ಸಾಬರ ಮಗ ಹಟ ಹಿಡಿದು, ತಂದೆಯನ್ನು ಒಪ್ಪಿಸಿ, ಎರಡು ಸರ್ವರುಗಳ ಕ್ಲಸ್ಟರ್ ತರಿಸಿದ್ದರು.

ಕ್ಲಸ್ಟರ್ ಎಂದರೆ ಇಷ್ಟೇ. ಒಂದು ಮಷಿನ್ ಕೆಲಸ ಮಾಡುತ್ತದೆ, ಇನ್ನೊಂದು ಪಕ್ಕದಲ್ಲಿ ಎಚ್ಚರವಾಗಿ ಕೂತಿರುತ್ತದೆ. ಎರಡೂ ಕ್ಷಣಕ್ಷಣಕ್ಕೂ "ಇದೀಯಾ?" "ಇದೀನಿ" ಎಂದು ವಿಚಾರಿಸಿಕೊಳ್ಳುತ್ತಿರುತ್ತವೆ. ಒಂದರ ಉತ್ತರ ಬಾರದಿದ್ದರೆ ಇನ್ನೊಂದು ಕೆಲಸ ಎತ್ತಿಕೊಳ್ಳುತ್ತದೆ. ಆದರೆ ಉತ್ತರ ಕೊಡದವನು ನಿಜವಾಗಿ ಸತ್ತಿದ್ದಾನೋ ಬರೀ ಮಾತು ನಿಂತಿದೆಯೋ ಹೇಗೆ ಗೊತ್ತಾಗಬೇಕು? ಇಬ್ಬರೂ ಒಂದೇ ಲೆಕ್ಕದ ಮೇಲೆ ಕೈ ಇಟ್ಟರೆ ಲೆಕ್ಕವೇ ಹಾಳು. ಹಾಗಾಗಿ ಕೆಲಸ ಎತ್ತಿಕೊಳ್ಳುವ ಮುಂಚೆ ಇನ್ನೊಬ್ಬನ ಕರೆಂಟನ್ನು ಒಮ್ಮೆ ಕಿತ್ತು ಮತ್ತೆ ಕೊಡಬೇಕೆಂದು ನಿಯಮ. ಕ್ರೂರ ಎನಿಸುತ್ತದೆ, ಆದರೆ ಸರಿಯಾದ ನಿಯಮ.

ನಾನು ಅದನ್ನು ಅಂಗಡಿಯಲ್ಲಿ ನಿಲ್ಲಿಸಿ, ಒಂದನ್ನು ಕೆಡವಿ ಇನ್ನೊಂದು ಏಳುವುದನ್ನು ಎಲ್ಲರಿಗೂ ತೋರಿಸಿದೆ. ಮಗ ಚಪ್ಪಾಳೆ ಹೊಡೆದರು. ಹಾಜಿ ಸಾಬರು ಗಡ್ಡ ಸವರಿಕೊಂಡು ನೋಡಿದರು. ಹೊರಡುವ ಮುಂಚೆ ಮಷಿನ್ನುಗಳ ಮೇಲೆ ದಪ್ಪ ಅಕ್ಷರದಲ್ಲಿ "ಮುಟ್ಟಬೇಡಿ" ಎಂದು ಬರೆದು ಅಂಟಿಸಿದೆ. ಕನ್ನಡದಲ್ಲಿ ನಾನು ಬರೆದೆ, ಉರ್ದುವಿನಲ್ಲಿ ಮಗ, ತಮಿಳಿನಲ್ಲಿ ಕೌಂಟರಿನ ಹಿರಿಯ ಗುಮಾಸ್ತರು. ಯಾರೂ, ಯಾವ ಕಾರಣಕ್ಕೂ ಮುಟ್ಟಕೂಡದು ಎಂದು ಬಾಯಲ್ಲೂ ಹೇಳಿದೆ. ಹೇಳುವಾಗ ನನ್ನ ಗಂಟಲೂ ಓಣಿಯ ಕೊನೆಯವರೆಗೆ ಕೇಳಿಸಿರಬೇಕು.

ಮರುದಿನ ಬೆಳಿಗ್ಗೆಯೇ ಫೋನ್. ಬಿಲ್ಲಿಂಗ್ ಶುರುವಾಗುತ್ತಿಲ್ಲ.

ಬಸ್ಸು ಹಿಡಿದು, ಹಲಸೂರು ಕೆರೆಯ ದಂಡೆಯಲ್ಲಿ ಟ್ರಾಫಿಕ್ಕಿಗೆ ಶಾಪ ಹಾಕುತ್ತಾ ಹೋಗಿ ತಲುಪುವಷ್ಟರಲ್ಲಿ ಬಿಲ್ಲುಗಳು ಬರುತ್ತಿದ್ದವು. ಒಂದು ಮಷಿನ್ ಓಡುತ್ತಿತ್ತು, ಇನ್ನೊಂದು ಆರಿತ್ತು. ಗುಮಾಸ್ತರು "ಅದಾಗಿ ಅದೇ ಸರಿ ಹೋಯ್ತಮ್ಮ" ಎಂದರು. ಆರಿದ್ದನ್ನು ಹಚ್ಚಿ, ಕ್ಲಸ್ಟರನ್ನು ಕೈಯಾರೆ ಶುರು ಮಾಡಿ ಬಂದೆ. ಅದರ ಮರುದಿನವೂ ಅದೇ ಫೋನ್, ಅದೇ ಬಸ್ಸು, ಅದೇ ಮಾತು.

ಆಮೇಲೆ ನಾನೂ ಬಿಡಲಿಲ್ಲ. ಅಂಗಡಿ ತೆರೆಯುವ ಹೊತ್ತಿಗೇ ಹೋಗಿ ಎದುರಿಗೆ ಕುಳಿತೆ. ಕಂಡದ್ದು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎರಡೂ ಮಷಿನ್ನುಗಳು ಏಳುತ್ತಿದ್ದವು, ಎದ್ದ ಕೂಡಲೇ ಒಂದು ಇನ್ನೊಂದರ ಕರೆಂಟ್ ಕೀಳುತ್ತಿತ್ತು, ಅದು ಮತ್ತೆ ಎದ್ದು ಇದರದ್ದು ಕೀಳುತ್ತಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಕೊನೆಗೆ ತಾಳ್ಮೆ ಕಳೆದುಕೊಂಡ ಗುಮಾಸ್ತರು ಒಂದರ ಪ್ಲಗ್ ಎಳೆದರು. ಒಂಟಿಯಾಗಿ ಉಳಿದದ್ದು ಸುಮ್ಮನೆ ಕೆಲಸಕ್ಕೆ ಕೂತಿತು. 'ಅದಾಗಿ ಅದೇ' ಸರಿಹೋಗುತ್ತಿದ್ದದ್ದು ಹೀಗೆ.

ಮಷಿನ್ನುಗಳು ತಮ್ಮ ಆಗುಹೋಗು ತಾವೇ ಬರೆದಿಡುವ ಲಾಗ್ ಓದಿದೆ. ಎರಡೂ ಒಂದೇ ಮಾತು ಬರೆದಿದ್ದವು: ಇನ್ನೊಬ್ಬನ ದನಿ ಕೇಳುತ್ತಿಲ್ಲ, ಸತ್ತಿರಬೇಕು. ದೋಷ ಇದ್ದದ್ದು ಎರಡರ ತಂತಿಯೂ ಬಂದು ಕೂಡುವ ನಡುವಿನ ನೆಟ್‌ವರ್ಕ್ ಡಬ್ಬಿಯಲ್ಲಿ. ಆ ಡಬ್ಬಿ ದೊಡ್ಡ ಆಫೀಸುಗಳಿಗೆ ಮಾಡಿದ್ದು. ಯಾವ ತಂತಿಗೆ ಜೀವ ಬಂದರೂ ತಕ್ಷಣ ಮಾತು ಹಾಯಲು ಬಿಡುವುದಿಲ್ಲ, ಸ್ವಲ್ಪ ಹೊತ್ತು ತಡೆದು, ಪರೀಕ್ಷೆ ಮಾಡಿ, ಆಮೇಲೆ ದಾರಿ ಕೊಡುತ್ತದೆ. ನಮ್ಮ ಮಷಿನ್ನುಗಳಿಗೆ ಅಷ್ಟು ತಾಳ್ಮೆಯಿಲ್ಲ. ನಾನು ಕೈಯಾರೆ ಶುರು ಮಾಡುವಾಗ ಅಷ್ಟರಲ್ಲಿ ದಾರಿ ತೆರೆದಿರುತ್ತಿತ್ತು, ಅದಕ್ಕೇ ನನ್ನ ಮುಂದೆ ಎಲ್ಲ ಸರಿ. ಎರಡೂ ಒಟ್ಟಿಗೆ, ತಾವಾಗಿ ಎದ್ದಾಗ ಮಾತ್ರ ಈ ರಾಮಾಯಣ.

ಅದು ಸರಿ. ಆದರೆ ಎಂದೂ ಆರಬಾರದ ಮಷಿನ್ನುಗಳು ದಿನಾ ಬೆಳಿಗ್ಗೆ ಒಟ್ಟಿಗೆ ಏಳುವುದೇಕೆ? ಲಾಗಿನ ಪ್ರಕಾರ ಪ್ರತಿ ಸಂಜೆ ಎರಡೂ ಇದ್ದಕ್ಕಿದ್ದ ಹಾಗೆ ಸಾಯುತ್ತಿದ್ದವು.

"ಸಂಜೆ ಯಾರಾದ್ರೂ ಆಫ್ ಮಾಡ್ತೀರಾ?" ಎಂದು ಕೇಳಿದೆ.

"ಇಲ್ಲಮ್ಮ, ಸಂಜೆ ಮುಟ್ಟೋದೇ ಇಲ್ಲ" ಎಂದರು ಗುಮಾಸ್ತರು, ನಾನು ಅಂಟಿಸಿದ ಚೀಟಿ ತೋರಿಸಿ.

"ಕರೆಂಟ್ ಹೋಗುತ್ತಾ?"

"ಬೆಂಗಳೂರಲ್ಲಿ ಕರೆಂಟ್ ಹೋಗ್ದೆ ಇರುತ್ತಾ?" ಎಂದು ಮಗ ನಕ್ಕರು. "ಆದ್ರೆ ಯುಪಿಎಸ್ ಇದೆಯಲ್ಲ ಮೇಡಂ."

ಯುಪಿಎಸ್‌ಗೆ ದೊಡ್ಡ ಬ್ಯಾಟರಿ ಹಾಕಿಸಿದೆ. ಮರುದಿನ ಮತ್ತೆ ಅದೇ ಫೋನ್. ಈ ಸಲ ಫೋನಿನಲ್ಲಿ ಹಾಜಿ ಸಾಬರೇ ಇದ್ದರು.

"ಏನು ಮೇಡಂ, ಒಂದು ಕಂಪ್ಯೂಟರ್ ಇದ್ದಾಗ ಒಂದೇ ತಲೆನೋವು ಇತ್ತು. ಈಗ ಎರಡು. ಬರೋ ಜುಮ್ಮಾದೊಳಗೆ ಸರಿ ಹೋಗ್ಬೇಕು. ಇಲ್ಲಾಂದ್ರೆ ಎರಡನ್ನೂ ಎತ್ಕೊಂಡು ಹೋಗಿ. ನಂಗೆ ನಕ್ಕೋ."

ಜುಮ್ಮಾ ಎಂದರೆ ಶುಕ್ರವಾರ, ನಕ್ಕೋ ಎಂದರೆ ದಖನಿಯಲ್ಲಿ ಬೇಡ. ಅದರ ಮುಂದೆ ಚೌಕಾಸಿ ನಡೆಯದು. ಎದುರಿನ ಮೇಜಿನ ಹುಡುಗ ನನ್ನ ಮುಖ ನೋಡಿ, "ಏನ್ ಗುರು, ಫೋನ್ ಒರೆಸಿ ಇಡ್ಲಾ?" ಎಂದ. ನಾನು ಬ್ಯಾಗ್ ಎತ್ತಿಕೊಂಡು ಹೊರಟೆ.

ಅಂದು ಅಂಗಡಿ ಮುಚ್ಚುವವರೆಗೆ ಅಲ್ಲೇ ಕೂತೆ. ಸಂಜೆಯ ನಮಾಜಿಗೆ ಕರೆ ಆಯಿತು. ಗುಮಾಸ್ತರು ಕೌಂಟರ್ ಒರೆಸಿದರು. ಕೆಲಸದವರು ಒಬ್ಬೊಬ್ಬರಾಗಿ ಹೊರಟರು. ಕೊನೆಯಲ್ಲಿ ಹಾಜಿ ಸಾಬರು ಎದ್ದು, ಟೋಪಿ ಸರಿಪಡಿಸಿಕೊಂಡು, ಬಾಗಿಲ ಪಕ್ಕದ ಗೋಡೆಯ ಹತ್ತಿರ ಹೋದರು. ಅಲ್ಲಿ ಹಳೇ ಕಾಲದ ಕಬ್ಬಿಣದ ಮೇನ್ ಸ್ವಿಚ್ ಇತ್ತು. ಬಿಸ್ಮಿಲ್ಲಾ ಎಂದು ಅದರ ಹಿಡಿಕೆಯನ್ನು ಒಂದೇ ಏಟಿಗೆ ಕೆಳಗೆಳೆದರು. ಇಡೀ ಅಂಗಡಿ ಕತ್ತಲಾಯಿತು. ಒಳಗಿನಿಂದ ಯುಪಿಎಸ್ ಕೂಗಿಕೊಳ್ಳತೊಡಗಿತು.

"ಅಯ್ಯೋ, ಏನ್ ಮಾಡ್ತಿದ್ದೀರಾ ಸಾಬ್!" ಎಂದು ಕಿರುಚಿದೆ.

ಅವರಿಗೆ ನಿಜಕ್ಕೂ ಆಶ್ಚರ್ಯ. "ಏನ್ ಮಾಡ್ದೆ? ಅಂಗಡಿ ಮುಚ್ತಾ ಇದ್ದೀನಿ."

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆ. ಆ ಓಣಿಯಲ್ಲಿ ಅಂಗಡಿ ಮುಚ್ಚುವುದೆಂದರೆ ಮೊದಲು ಮೇನ್, ಆಮೇಲೆ ಷಟರ್, ಆಮೇಲೆ ಬೀಗ. ಹಳೆಯ ಕಂಪ್ಯೂಟರನ್ನು ಗುಮಾಸ್ತರು ಮೊದಲೇ ಆರಿಸಿ ಇಡುತ್ತಿದ್ದರಂತೆ. ಹೊಸದನ್ನು ಮುಟ್ಟಲೇಬಾರದು ಎಂದು ನಾನೇ ಮೂರು ಭಾಷೆಯಲ್ಲಿ ಬರೆದಿದ್ದೆನಲ್ಲ, ಸಂಜೆಯ ಮಟ್ಟಿಗೆ ಅವರು ಅದನ್ನು ಅಕ್ಷರಶಃ ಪಾಲಿಸಿದ್ದರು. ಆ ವಿಷಯದಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಬೀಗ ಹಾಕುತ್ತೀರಾ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ, ಮೇನ್ ಎಳೆಯುವುದೂ ಅವರಿಗೆ ಅಷ್ಟೇ ಸಹಜ. ಮಗನೋ, ಯುಪಿಎಸ್ ರಾತ್ರಿಯಿಡೀ ಹೊರುತ್ತದೆಂದು ನಂಬಿಕೊಂಡಿದ್ದರು.

"ಅಬ್ಬಾ, ಹಾಗಿದ್ರೆ ಇವತ್ತಿಂದ ಮೇನ್ ಹಾಗೇ ಬಿಟ್ಬಿಡಿ" ಎಂದು ಮಗ ತಂದೆಗೆ ಹೇಳಿದರು.

"ನಕ್ಕೋ" ಎಂದರು ತಂದೆ.

ಷಟರ್ ಅರ್ಧ ಎಳೆದು, ಅದರ ಕೆಳಗೆ ಮೆಟ್ಟಿಲ ಮೇಲೆ ನನ್ನನ್ನು ಕೂರಿಸಿಕೊಂಡು ಹೇಳಿದರು. ಪ್ರಾಯದಲ್ಲಿ ಅವರಿಗೂ ಅಣ್ಣನಿಗೂ ಸೇರಿ ಇನ್ನೊಂದು ಓಣಿಯಲ್ಲಿ ಬಟ್ಟೆ ಅಂಗಡಿ ಇತ್ತು. ಒಂದು ಹಬ್ಬದ ಹಿಂದಿನ ದಿನ ಗಡಿಬಿಡಿಯಲ್ಲಿ ಕರೆಂಟ್ ಬಿಟ್ಟು ಮನೆಗೆ ಹೋದರು. ಎಲ್ಲೋ ತಂತಿ ಕಾಯಿತು. ಬಂದು ನೋಡಿದಾಗ ಉಳಿದದ್ದು ಷಟರ್ ಮಾತ್ರ. ಅಣ್ಣ ಮತ್ತೆ ಯಾವ ಅಂಗಡಿಯನ್ನೂ ತೆರೆಯಲಿಲ್ಲ, ಆ ಕೊರಗಿನಲ್ಲೇ ಹೋಗಿಬಿಟ್ಟರು.

"ಅವತ್ತಿಂದ ನನ್ನ ಅಂಗಡಿ ಮೇನ್ ನನ್ನ ಕೈಯಲ್ಲೇ ಬೇಟಿ. ಮಗಂಗೂ ಕೊಟ್ಟಿಲ್ಲ. ಒಳಗೆ ಕರೆಂಟ್ ಇದೆ ಅಂತ ಗೊತ್ತಿದ್ರೆ ನಂಗೆ ನಿದ್ದೆ ಬರಲ್ಲ. ನಿಮ್ ಮಷಿನ್ ನಿದ್ದೆ ಮಾಡ್ಬಾರ್ದು, ನಾನೂ ಮಾಡ್ಬಾರ್ದಾ?"

ಮೇಡಂ ಹೋಗಿ ಬೇಟಿ, ಅಂದರೆ ಮಗಳು, ಆಗಿದ್ದೆ. ಆದರೆ ಬರುವ ಜುಮ್ಮಾದ ಗಡುವು ಹೋಗಿರಲಿಲ್ಲ.

ಆಫೀಸಿನಲ್ಲಿ ಬಾಸ್‌ಗೆ ವರದಿ ಒಪ್ಪಿಸಿದೆ. ಅವರಿಗೆ ಖುಷಿಯಾಯಿತು. "ಮೇನ್ ಆಫ್ ಮಾಡೋದು ಅವರ ತಪ್ಪು. ಮಾಡ್ಬೇಡಿ ಅಂತ ಬರ್ದು ಸೈನ್ ತಗೊಂಡ್ಬಾ. ನಮ್ಮ ಕೆಲಸ ಮುಗೀತು."

ನನಗೆ ಕೋಪ ಬಂತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. "ಸಾರ್, ಆ ಮನುಷ್ಯ ನಲವತ್ತು ವರ್ಷದಿಂದ ಮೇನ್ ಎಳೀತಿದಾರೆ. ನಮ್ಮ ಮಷಿನ್ ಬಂದು ಒಂದು ವಾರ ಆಗಿಲ್ಲ. ಯಾರು ಯಾರಿಗೆ ಹೊಂದ್ಕೋಬೇಕು?"

"ಹೈ ಅವೈಲಬಿಲಿಟಿ, ಯಾವತ್ತೂ ನಿಲ್ಲಲ್ಲ ಅಂತ ಮಾರಿದ್ದೀವಿ ಕಣಮ್ಮ. ದಿನಾ ಮುಚ್ಚೋಕಲ್ಲ."

"ಅವರಿಗೆ ಬೇಕಾಗಿರೋದು ಬೆಳಿಗ್ಗೆ ಚೀಟಿ ಹಿಡಿದು ನಿಂತೋರಿಗೆ ಬಿಲ್ಲು. ಅದು ನಿಲ್ದೇ ಇದ್ರೆ ಸಾಕು."

ಬಾಸ್ ಕೈ ಚೆಲ್ಲಿದರು. "ಜುಮ್ಮಾವರೆಗೆ ನಿನ್ನಿಷ್ಟ."

ಆಫೀಸಿನ ಗೋದಾಮಿನಲ್ಲಿ ಬಿದ್ದಿದ್ದ ಎರಡು ಹಳೇ ಮಷಿನ್ನುಗಳನ್ನೂ ಅದೇ ಜಾತಿಯ ಡಬ್ಬಿಯನ್ನೂ ಮೇಜಿನ ಮೇಲೆ ತಂದಿಟ್ಟೆ. ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಎಲ್ಲವನ್ನೂ ಸಿಕ್ಕಿಸಿ ನಾನೇ ಹಾಜಿ ಸಾಬ್ ಆದೆ. ಬಿಸ್ಮಿಲ್ಲಾ ಎಂದು ಸ್ವಿಚ್ ಆರಿಸುವುದು, ಬಿಸ್ಮಿಲ್ಲಾ ಎಂದು ಹಾಕುವುದು. ಹುಡುಗರು ಮೊದಲು ಗೇಲಿ ಮಾಡಿದರು, ಆಮೇಲೆ ಕಾಫಿ ಕುಡಿಯುತ್ತಾ ಸುತ್ತ ನಿಂತು ನೋಡತೊಡಗಿದರು.

ಬೆಳಗಿನ ಜಗಳ ಬಗೆಹರಿಸುವುದು ಕಷ್ಟವಾಗಲಿಲ್ಲ. ಎರಡು ಮಷಿನ್ನುಗಳ ನಡುವೆ ಡಬ್ಬಿಯ ಹಂಗಿಲ್ಲದೆ ನೇರ ತಂತಿ ಎಳೆದೆ, ಮಾತು ಅದರಲ್ಲಿ ಆಗಲಿ ಎಂದು. ಎದ್ದ ಕೂಡಲೇ ಇನ್ನೊಬ್ಬ ಸತ್ತ ಎಂದು ತೀರ್ಮಾನಿಸದೆ, ಡಬ್ಬಿ ದಾರಿ ಬಿಡುವವರೆಗೆ ಸುಮ್ಮನೆ ಕಾಯಿರಿ ಎಂದು ಎರಡಕ್ಕೂ ಹೇಳಿದೆ. ಆಮೇಲೆ ಕ್ರಮ ಕಟ್ಟಿದೆ: ಮೊದಲು ಡಿಸ್ಕು, ಅದು ಸಿಕ್ಕಮೇಲೆ ಕೌಂಟರಿನವರು ಸರ್ವರನ್ನು ತಲುಪುವ ನೆಟ್‌ವರ್ಕ್ ವಿಳಾಸ, ಆಮೇಲೆ ಲೆಕ್ಕವೆಲ್ಲ ಇರುವ ಡೇಟಾಬೇಸ್, ಎಲ್ಲ ಸರಿಯಿದ್ದರೆ ಕೊನೆಗೆ ಬಿಲ್ಲಿಂಗ್. ಒಲೆ ಹಚ್ಚದೆ ಎಸರಿಡಲಾಗದು.

ಕಷ್ಟವಿದ್ದದ್ದು ಸಂಜೆಯಲ್ಲಿ. ಹಿಡಿಕೆ ಕೆಳಗೆ ಬಂದ ಮೇಲೆ ಮಷಿನ್ನುಗಳು ಮರ್ಯಾದೆಯಾಗಿ ಮಲಗಬೇಕು, ಯಾರೂ ಕೀಲಿಮಣೆ ಮುಟ್ಟಬಾರದು. ಯುಪಿಎಸ್‌ನಿಂದ ಸರ್ವರಿಗೆ ಒಂದು ಸಣ್ಣ ತಂತಿ ಕೊಟ್ಟೆ. ಹೊರಗಿನ ಕರೆಂಟ್ ಹೋದ ಸುದ್ದಿಯನ್ನು ಅದು ಒಳಗೆ ತಲುಪಿಸುತ್ತದೆ. ಸ್ವಲ್ಪ ಹೊತ್ತು ಕಾದು, ಕರೆಂಟ್ ಬಾರದಿದ್ದರೆ ಬಿಲ್ಲಿಂಗ್ ನಿಲ್ಲುತ್ತದೆ, ಡೇಟಾಬೇಸ್ ಮುಚ್ಚಿಕೊಳ್ಳುತ್ತದೆ, ಡಿಸ್ಕ್ ಬಿಡುಗಡೆಯಾಗುತ್ತದೆ, ಎರಡನೆಯ ಮಷಿನ್ ಆರುತ್ತದೆ, ಮೊದಲನೆಯದು ಆರುತ್ತದೆ. ಇಷ್ಟಾದ ಮೇಲೂ ಯುಪಿಎಸ್ ಬ್ಯಾಟರಿಯ ಮೇಲೆ ಉಸಿರಾಡುತ್ತಾ ಕೂಗುತ್ತಿತ್ತು. ನನಗೆ ಹಾಜಿ ಸಾಬರ ಮುಖ ಕಣ್ಣ ಮುಂದೆ ಬಂತು. ಒಳಗೆ ಬ್ಯಾಟರಿಯ ಕರೆಂಟ್ ಇದ್ದರೂ ಅವರಿಗೆ ನಿದ್ದೆ ಬರದು. ಕೊನೆಗೆ ಯುಪಿಎಸ್‌ಗೂ ಮಲಗು ಎಂದು ಹೇಳುವುದು ಹೇಗೆಂದು ಕೈಪಿಡಿ ಓದಿ ಕಲಿತೆ. ಎಲ್ಲರನ್ನೂ ಮಲಗಿಸಿ, ಕೊನೆಯಲ್ಲಿ ತಾಯಿ ದೀಪ ಆರಿಸಿ ಮಲಗುವ ಹಾಗೆ ಆಯಿತು. ಈಗ ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಅವರ ಹಿಡಿಕೆಯೇ ನನ್ನ ಕಮಾಂಡು.

ಗುರುವಾರ ಅದನ್ನೆಲ್ಲ ಅಂಗಡಿಯಲ್ಲಿ ಜೋಡಿಸಿದೆ, ಆದರೆ ಅಂದು ಸಂಜೆ ಮುಚ್ಚುವುದನ್ನು ನೋಡಲು ನಿಲ್ಲಲಾಗಲಿಲ್ಲ. ಜುಮ್ಮಾ ಬೆಳಿಗ್ಗೆ ಬಸ್ಸಿಗೆ ಕಾಯಲಾರದೆ ಆಟೋದಲ್ಲಿ ಹೋದೆ. ಮೆಟ್ಟಿಲ ಮೇಲೆ ಒಂದು ನರ್ಸಿಂಗ್ ಹೋಮಿನ ಆಯಾ ಚೀಟಿ ಹಿಡಿದು ನಿಂತಿದ್ದಳು, ಬೇಗ ಕೊಡಿ, ಪೇಷೆಂಟ್ ಕಾಯ್ತಿದಾರೆ ಎನ್ನುತ್ತಾ. ಹಾಜಿ ಸಾಬರು ಬಿಸ್ಮಿಲ್ಲಾ ಎಂದು ಹಿಡಿಕೆ ಎತ್ತಿದರು. ಫ್ಯಾನುಗಳು ತಿರುಗಿದವು, ಮಷಿನ್ನುಗಳ ಹಸಿರು ದೀಪಗಳು ಹತ್ತಿದವು. ಬಿಲ್ಲಿಂಗಿನ ಪರದೆ ಮಾತ್ರ ಖಾಲಿ.

"ಏನೂ ಬರ್ತಿಲ್ಲ ಮೇಡಂ" ಎಂದರು ಮಗ.

"ಬರುತ್ತೆ. ಕಾಯ್ತಾ ಇದಾವೆ."

"ಯಾವುದಕ್ಕೆ?"

"ಒಂದು ಇನ್ನೊಂದಕ್ಕೆ."

ಗುಮಾಸ್ತರ ಕೈ ಮೆಲ್ಲಗೆ ಪ್ಲಗ್ಗಿನ ಕಡೆ ಹೋಯಿತು. ನಾನು ಬಾಯಿ ತೆರೆಯುವ ಮೊದಲೇ ಹಾಜಿ ಸಾಬರು ಗದರಿದರು, "ಹಾತ್ ನಕ್ಕೋ ಲಗಾವ್! ಬೇಟಿ ಕಾಯಿ ಅಂದ್ರೆ ಕಾಯ್ಬೇಕು." ಮೇಜಿನ ಮೇಲೆ ನೂರು ಸಲ ಆಗಿದ್ದು ಅಂಗಡಿಯಲ್ಲಿ ಆಗಲೇಬೇಕೆಂದು ಎಲ್ಲಿ ಬರೆದಿದೆ? ಆಗ ಪರದೆ ಬೆಳಗಿತು. ಗುಮಾಸ್ತರು ಚೀಟಿ ನೋಡಿ ಒತ್ತಿದರು. ಪ್ರಿಂಟರ್ ಕರಕರ ಎಂದು ಬಿಲ್ಲು ಹೊರಗೆ ತಳ್ಳಿತು. ಆಯಾ ಔಷಧಿಯ ಪೊಟ್ಟಣ ಎದೆಗವಚಿಕೊಂಡು ಓಡಿದಳು. ಹಿಂದೆ ನಿಂತವರು ಮುಂದೆ ಬಂದರು.

ನನಗೆ ಅಳು ಬಂತು, ತಡೆದುಕೊಂಡೆ. ಆಮೇಲೆ ಫೋನ್ ಎತ್ತಿ ಬಾಸ್‌ಗೆ ಹೇಳಿದೆ: "ಸಾರ್, ಫೋನ್ ಹತ್ರ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಹೊರಡಲು ಎದ್ದರೆ ಹಾಜಿ ಸಾಬರು ಬಿಡಲಿಲ್ಲ. ಅರ್ಧ ಕೆಲಸ ಬೆಳಿಗ್ಗೆ ಆಯಿತು, ಇನ್ನರ್ಧ ನೋಡಿ ಹೋಗು ಎಂದರು. ಜುಮ್ಮಾದ ನಮಾಜು ಮುಗಿಸಿ ಬಂದು ಮನೆಯ ಊಟ ತರಿಸಿ ಹಾಕಿದರು. ಸಂಜೆ ಕರೆ ಆಯಿತು, ಕೌಂಟರ್ ಒರೆಸಿಯಾಯಿತು, ಕೆಲಸದವರು ಹೊರಟರು. ಅವರು ಎದ್ದು ಟೋಪಿ ಸರಿಪಡಿಸಿಕೊಂಡು ಗೋಡೆಯ ಹತ್ತಿರ ಹೋದರು. ಹಿಡಿಕೆಯ ಮೇಲೆ ಕೈ ಇಟ್ಟವರು ಇದ್ದಕ್ಕಿದ್ದಂತೆ ತೆಗೆದರು.

"ಇಲ್ಲಿ ಬಾ ಬೇಟಿ. ಇವತ್ತು ನೀನು ಎಳಿ."

ಮಗ ತಂದೆಯ ಮುಖ ನೋಡಿದರು, ನನ್ನ ಮುಖ ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದು ನನಗೆ ಜಾಗ ಬಿಟ್ಟರು. ಕಬ್ಬಿಣ ತಣ್ಣಗಿತ್ತು, ನಾನಂದುಕೊಂಡದ್ದಕ್ಕಿಂತ ಬಿಗಿಯಾಗಿತ್ತು. ಎರಡೂ ಕೈ ಹಾಕಿ ಎಳೆದೆ.

ಕತ್ತಲು. ಯುಪಿಎಸ್ ಕೂಗಿತು. ಮೂವರೂ ಹೊಸ್ತಿಲಲ್ಲಿ ನಿಂತು ಒಳಗೆ ನೋಡಿದೆವು. ಮೊದಲು ಎರಡನೆಯ ಮಷಿನ್ನಿನ ಹಸಿರು ದೀಪ ಆರಿತು. ಆಮೇಲೆ ಮೊದಲನೆಯದು. ಯುಪಿಎಸ್ ಇನ್ನೂ ಕೂಗುತ್ತಿತ್ತು. ಹಾಜಿ ಸಾಬರು ಕತ್ತು ಚಾಚಿ ಆ ಸದ್ದಿಗೇ ಕಿವಿಗೊಟ್ಟಿದ್ದರು. ಅದೂ ನಿಂತಿತು. ಅಂಗಡಿಯೊಳಗೆ ಒಂದು ಮಿಣುಕೂ ಇಲ್ಲ, ಒಂದು ಸದ್ದೂ ಇಲ್ಲ.

"ಎಲ್ಲಾ ಮಲಗಿದ್ವಾ?" ಎಂದು ಪಿಸುದನಿಯಲ್ಲಿ ಕೇಳಿದರು, ಮಕ್ಕಳ ಕೋಣೆಯ ಬಾಗಿಲಲ್ಲಿ ನಿಂತವರ ಹಾಗೆ.

"ಎಲ್ಲಾ ಮಲಗಿದ್ವು ಚಾಚಾ."

"ಹಾಗಾದ್ರೆ ನಾನೂ ಮಲಗ್ತೀನಿ" ಎಂದು ಅವರು ಷಟರ್ ಎಳೆದರು.